ಚಂಚಿಯ ಬಾಯಿ ಎಷ್ಟಗಲ ಇರಬೇಕು?

ಮಾನ್ವಿ ಕಡೆಯ ಟೈಲರ್ ಒಬ್ಬರು ನನ್ನ ಹತ್ತಿರ ಎಡಗಣ್ಣಿನ ಪೊರೆ ತೆಗೆಸಿಕೊಂಡು ಹೋಗಿದ್ದರು. ಒಂಬತ್ತು ವರ್ಷದ ಹಿಂದಿನ ಮಾತು. ನಾನು ಹೈದರಾಬಾದಿಗೆ ಬಂದು ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಊರಿಂದ ಫೋನ್ ಮಾಡಿ, "ಡಾಕ್ಟ್ರ, ಹೊಸ ಚಾಳೀಸು ಹಾಕ್ಕೊಂಡು ಒಂದೇ ಸಲಕ್ಕ ಸೂಜಿಗೆ ದಾರ ಪೋಣಿಸಿದ್ನಿರೀ" ಎಂದು ಹೇಳಿದ್ದರು. ಕಣ್ಣಿನ ವೈದ್ಯನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಆ ದಿನವೆಲ್ಲ ಹಿಗ್ಗಿನಲ್ಲೇ ಇದ್ದೆ.

ನಾಲ್ಕನೇ ತಿಂಗಳಿಗೆ ಅವರೇ ಬಂದು ಎದುರಿಗೆ ಕೂತರು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅದೇ ಡಿಸ್ಚಾರ್ಜ್ ಚೀಟಿ. "ಮಂಜು ಕವಿದಂಗ ಆಗೈತ್ರಿ. ಬಿಸಿಲಿಗೆ ಮುಖ ಮಾಡಿ ನಿಂತ್ರ ಏನೂ ಕಾಣಂಗಿಲ್ಲ" ಅಂದರು. ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ ನೋಡಿದೆ. ಹಾಕಿದ ಲೆನ್ಸ್ ಹಾಕಿದ ಜಾಗದಲ್ಲೇ ಇತ್ತು. ಕಣ್ಣಿನ ಒತ್ತಡ ಸರಿಯಿತ್ತು. ಆದರೆ ಲೆನ್ಸಿನ ಮುಂದೆ ನಾನು ಮಾಡಿದ್ದ ದುಂಡನೆಯ ಬಾಯಿ, ಆವತ್ತು ಸುಮಾರು 4 ಮಿಲಿಮೀಟರ್ ಇದ್ದದ್ದು, ಈಗ 2ಕ್ಕೆ ಇಳಿದಿತ್ತು. ಸುತ್ತಲೂ ಬಿಳಿಯ ನಾರು ಬಿಗಿದುಕೊಂಡಿತ್ತು. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಚಂಚಿಯ ದಾರ ಎಳೆದರೆ ಬಾಯಿ ಹೇಗೆ ಮುದುಡಿಕೊಳ್ಳುತ್ತದೋ, ಹಾಗೆ.

ಈ ಅಂಕಣ ಓದುವವರಲ್ಲಿ ಬಹಳಷ್ಟು ಜನರ ತಂದೆತಾಯಿ ಊರಲ್ಲಿದ್ದಾರೆ. ಅವರ ಪೊರೆ ಆಪರೇಷನ್ನಿನ ಮಾತು ಬಂದಾಗ ಪುಣೆಯಿಂದಲೋ ದುಬೈಯಿಂದಲೋ ನನಗೆ ಫೋನ್ ಬರುತ್ತದೆ. ಎಲ್ಲರ ಪ್ರಶ್ನೆ ಒಂದೇ: ಯಾವ ಲೆನ್ಸ್ ಹಾಕಿಸಲಿ? ಅಮೆರಿಕದ್ದೋ, ನಮ್ಮ ದೇಶದ್ದೋ? ಲೇಸರ್ ಮಾಡಿಸಲೋ ಬೇಡವೋ? ಆ ಲೆನ್ಸ್ ಕೂರುವ ಚೀಲದ ಬಾಯಿ ಎಷ್ಟಗಲ ಇಡುತ್ತೀರಿ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೇ ಕೇಳಿದ್ದಾರೆ. ಅವರು ಈ ಟೈಲರ್.

ಮೊದಲು ಪೊರೆ ಎಂಬ ಶಬ್ದದ ತಕರಾರು ತೀರಿಸಬೇಕು. ನಮ್ಮ ಹೊರರೋಗಿ ವಿಭಾಗದಲ್ಲಿ ಒಂದೇ ಕಾಯಿಲೆಗೆ ಮೂರು ಹೆಸರು ನಡೆಯುತ್ತವೆ. ಹಳೆ ಊರಿನವರು ಮೋತಿಬಿಂದು ಎನ್ನುತ್ತಾರೆ, ತೆಲುಗಿನವರು ಶುಕ್ಲಂ ಎನ್ನುತ್ತಾರೆ, ರಾಯಚೂರು, ಯಾದಗಿರಿ, ನಾರಾಯಣಪೇಟೆಯಿಂದ ಬರುವ ನಮ್ಮವರು ಪೊರೆ ಎನ್ನುತ್ತಾರೆ. ಮುತ್ತು, ಬಿಳುಪು ಎರಡೂ ಸರಿ. ಕಣ್ಣಿನ ಮಸೂರ ಬೆಳ್ಳಗೆ ಮುತ್ತಿನಂತಾಗುವುದೇ ಈ ಕಾಯಿಲೆ. ನಮ್ಮ ಶಬ್ದ ಮಾತ್ರ ದಾರಿ ತಪ್ಪಿಸುತ್ತದೆ. ಕಣ್ಣಿನ ಮೇಲೆ ಹಾವಿನ ಪೊರೆಯಂಥದ್ದೇನೋ ಬೆಳೆದಿದೆ, ಡಾಕ್ಟರು ಅದನ್ನು ಸುಲಿದು ತೆಗೆಯುತ್ತಾರೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಕೆಟ್ಟಿರುವುದು ಮಸೂರದ ಒಳಗಿನ ತಿರುಳು. ಅದನ್ನು ಸುತ್ತಿಕೊಂಡು ನಿಜವಾದ ಪೊರೆ ಒಂದಿದೆ, ದ್ರಾಕ್ಷಿಯ ಸಿಪ್ಪೆಯ ಹಾಗೆ. ಅದು ಸ್ವಚ್ಛವಾಗಿಯೇ ಇರುತ್ತದೆ. ಅದನ್ನು ನಾವು ಉಳಿಸಿಕೊಳ್ಳುತ್ತೇವೆ. ಪೊರೆ ಅಂದರೆ ಕಾಪಾಡು ಎಂಬ ಅರ್ಥವೂ ಕನ್ನಡದಲ್ಲಿದೆಯಲ್ಲ, ಆ ಅರ್ಥದಲ್ಲಾದರೆ ಶಬ್ದ ಸರಿಹೊಂದುತ್ತದೆ.

ಈ ಚೀಲದ ಮುಂಭಾಗ ಸುಮಾರು 14 ಮೈಕ್ರಾನ್ ದಪ್ಪ. ಹಿಂಭಾಗದ ನಡುವೆ ಬರೀ 4. ಒಂದು ಕೆಂಪು ರಕ್ತಕಣದ ಅಗಲಕ್ಕಿಂತ ಅದು ತೆಳು. ಮುಂಭಾಗದಲ್ಲಿ ಒಂದು ದುಂಡನೆಯ ಕಿಟಕಿ ತೆರೆದು, ಒಳಗಿನ ತಿರುಳನ್ನು ಪುಡಿಮಾಡಿ ಹೀರಿ ತೆಗೆದು, ಖಾಲಿಯಾದ ಚೀಲದೊಳಗೆ ಮಡಚಿದ ಕೃತಕ ಲೆನ್ಸ್ ಇಳಿಸುತ್ತೇವೆ. ಅದು ಒಳಗೆ ಹೋಗಿ ಅರಳಿಕೊಳ್ಳುತ್ತದೆ. ನೋಡಲು ನೆರವಾಗುವ ಅದರ ನಡುಭಾಗ ಸಾಮಾನ್ಯವಾಗಿ 6 ಮಿಲಿಮೀಟರ್ ಅಗಲ. ಈಗ ಲೆಕ್ಕ ಹಾಕಿ: ಕಿಟಕಿ 5ರಿಂದ 5.5 ಮಿಲಿಮೀಟರ್ ಇದ್ದು ಸರಿಯಾಗಿ ನಡುವೆ ಬಂದರೆ, ಅದರ ಅಂಚು ಲೆನ್ಸಿನ ಮೇಲೆ ಸುತ್ತಲೂ ಕಾಲರಿಂದ ಅರ್ಧ ಮಿಲಿಮೀಟರ್‌ನಷ್ಟು ಕೂರುತ್ತದೆ. ನಾವು ಕಣ್ಣಿನ ವೈದ್ಯರು ತಲೆಕೆಡಿಸಿಕೊಳ್ಳುವುದೆಲ್ಲ ಈ ಅಂಚಿನ ಪಟ್ಟಿಗಾಗಿ.

ನನ್ನ ಅಜ್ಜಿಯ ಕಾಲಕ್ಕೆ ಈ ಚಿಂತೆಯೇ ಇರಲಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿಯವರ ಹೆಸರು ಕೇಳದ ಮನೆ ಉತ್ತರ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಊರೂರಿಗೆ ಬಂದು ಶಾಲೆಯಲ್ಲಿ, ಛತ್ರದಲ್ಲಿ ಶಿಬಿರ ಹೂಡಿ ಸಾಲಾಗಿ ಮಲಗಿಸಿ ಆಪರೇಷನ್ ಮಾಡುತ್ತಿದ್ದವರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ಲೆಕ್ಕ ಗಿನ್ನೆಸ್ ಪುಸ್ತಕದಲ್ಲಿದೆ. ಆ ಕಾಲದ ಪದ್ಧತಿಯಲ್ಲಿ ಮಸೂರವನ್ನು ಚೀಲದ ಸಮೇತ ಇಡಿಯಾಗಿ ಹೊರತೆಗೆಯುತ್ತಿದ್ದರು. ಚೀಲವೇ ಇಲ್ಲದ ಮೇಲೆ ಒಳಗೆ ಲೆನ್ಸ್ ಎಲ್ಲಿ ಇಡುವುದು? ಅದಕ್ಕೇ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ನಮ್ಮಜ್ಜಿ ಅದನ್ನು ಹಾಕಿಕೊಂಡರೆ ಎಲ್ಲವೂ ಕಾಲು ಭಾಗ ದೊಡ್ಡದಾಗಿ ಕಾಣುತ್ತಿತ್ತು. ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿಡಬೇಕೋ ತಿಳಿಯದೆ ಗೋಡೆ ಹಿಡಿಯುತ್ತಿದ್ದರು. ಆದರೂ ಏನೂ ಕಾಣದಿದ್ದ ಕಣ್ಣಿಗೆ ಮೊಮ್ಮಕ್ಕಳ ಮುಖ ಕಂಡಿತ್ತು. ಆ ಕನ್ನಡಕವನ್ನು ಈಗಿನ ಅಳತೆಗೋಲು ಹಿಡಿದು ಗೇಲಿ ಮಾಡಲು ನನಗೆ ಮನಸ್ಸಾಗುವುದಿಲ್ಲ.

ಕೃತಕ ಲೆನ್ಸನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಹಾಕಿ ನೋಡಿದ್ದರು. ಅದು ನೆಲೆಯೂರಲು ದಶಕಗಳೇ ಹಿಡಿದವು. ಚೀಲ ಉಳಿಸಿಕೊಳ್ಳುವ ಪದ್ಧತಿ ಬಂದ ಮೇಲೂ ಅದರ ಬಾಯಿ ತೆರೆಯುವ ಕ್ರಮ ಒರಟಾಗಿತ್ತು. ಹಾಲಿನ ಪುಡಿಯ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ಸುತ್ತ ತೂತು ಹೊಡೆದು ಎತ್ತುವ ಹಾಗೆ, ಸೂಜಿಯಿಂದ ಹತ್ತಾರು ಕಚ್ಚು ಹಾಕಿ ತುಂಡು ತೆಗೆಯುತ್ತಿದ್ದರು. ಅಂಚು ಹಲ್ಲುಹಲ್ಲಾಗಿ ಉಳಿಯುತ್ತಿತ್ತು. ಶಾಂಪೂ ಪ್ಯಾಕೆಟ್ಟಿನ ಅಂಚಿಗೆ ಒಂದು ಸಣ್ಣ ಕಚ್ಚು ಇರುತ್ತದಲ್ಲ, ಅದಿದ್ದರೆ ಸರ್ರನೆ ಹರಿಯುತ್ತದೆ, ಇಲ್ಲದಿದ್ದರೆ ಹಲ್ಲು ಹಾಕಿದರೂ ಜಗ್ಗುವುದಿಲ್ಲ. ಚೀಲದ ಕಥೆಯೂ ಇದೇ. ಪ್ರತಿ ಹಲ್ಲೂ ಒಂದು ಕಚ್ಚು. ತಿರುಳು ಅಲುಗಾಡಿಸುವಾಗ ಅಲ್ಲಿಂದ ಹರಿದು, ಹಿಂಭಾಗಕ್ಕೂ ಹೋಗಬಹುದು. ಲೆನ್ಸಿನ ಒಂದು ಕೊಂಡಿ ಚೀಲದೊಳಗೆ, ಇನ್ನೊಂದು ಹೊರಗೆ ಎಂಬಂತಾಗಿ ಲೆನ್ಸ್ ವಾಲುವುದೂ ಇತ್ತು.

1980ರ ದಶಕದ ನಡುವಿನಲ್ಲಿ ಕೆನಡಾದ ಹೊವರ್ಡ್ ಗಿಂಬೆಲ್, ಜರ್ಮನಿಯ ಥಾಮಸ್ ನಾಯ್‌ಹಾನ್ ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ಕಚ್ಚು ಹಾಕುವುದು ಬೇಡ, ಒಂದು ಕಡೆ ಶುರುಮಾಡಿ ಸುತ್ತಲೂ ಹರಿದುಕೊಂಡೇ ಹೋಗಿ ಶುರುವಿಗೆ ಕೂಡಿಸೋಣ. ಗ್ರೀಕಿನಲ್ಲಿ ರೆಕ್ಸಿಸ್ ಅಂದರೆ ಹರಿಯುವುದು. ಹೀಗಾಗಿ ಇದಕ್ಕೆ ಕ್ಯಾಪ್ಸುಲೊರೆಕ್ಸಿಸ್ ಎಂದು ಹೆಸರು. ನಮ್ಮ ನಡುವೆ ಬರೀ ರೆಕ್ಸಿಸ್. ತುಂಡಾಗದ ದುಂಡು ಅಂಚು ರಬ್ಬರ್ ಬಳೆಯ ಹಾಗೆ ಹಿಗ್ಗುತ್ತದೆ, ಹರಿಯುವುದಿಲ್ಲ. 1990ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಪ್ರಕಟವಾದ ಮೇಲೆ ಜಗತ್ತಿನ ಎಲ್ಲ ಕಡೆ ಇದೇ ನಡೆಯಿತು.

ದುಂಡಾಯಿತು, ಸರಿ. ಎಷ್ಟು ದುಂಡು?

ಬಾಯಿ ತೀರ ದೊಡ್ಡದಾಗಿ ಲೆನ್ಸಿನ ಅಂಚನ್ನು ದಾಟಿ ಹೋಯಿತು ಅನ್ನಿ. ಹಿಡಿದುಕೊಳ್ಳುವ ಪಟ್ಟಿ ಇಲ್ಲದ ಕಡೆ ಲೆನ್ಸ್ ಕೊಂಚ ಮುಂದೆ ಉಬ್ಬಬಹುದು, ಒಂದು ಪಕ್ಕಕ್ಕೆ ಸರಿಯಬಹುದು. ಕಣ್ಣಿನೊಳಗೆ ಲೆನ್ಸ್ ಅರ್ಧ ಮಿಲಿಮೀಟರ್ ಮುಂದೆ ಬಂದರೂ ಕನ್ನಡಕದ ನಂಬರು ಅರ್ಧಕ್ಕಿಂತ ಹೆಚ್ಚು ಬದಲಾಗುತ್ತದೆ. ಸಾಮಾನ್ಯ ಲೆನ್ಸ್ ಆದರೆ ಕನ್ನಡಕದಲ್ಲಿ ಸರಿಹೋದೀತು. ದೂರ, ಹತ್ತಿರ ಎರಡೂ ಕಾಣಬೇಕೆಂದು ದುಬಾರಿ ಲೆನ್ಸ್ ಹಾಕಿಸಿಕೊಂಡವರಿಗೆ ಆ ವಾಲಿಕೆ ರಾತ್ರಿ ದೀಪಗಳ ಸುತ್ತ ಬಳೆಯಾಗಿ ಕಾಡುತ್ತದೆ. ಇನ್ನೊಂದು ಸಂಗತಿ ನಿಧಾನದ್ದು. ಎಷ್ಟೇ ತೊಳೆದರೂ ಚೀಲದ ಒಳಗೋಡೆಯಲ್ಲಿ ಕೆಲವು ಜೀವಕೋಶಗಳು ಉಳಿದೇ ಇರುತ್ತವೆ. ಮುಂದಿನ ಅಂಚು ಲೆನ್ಸನ್ನು ಒತ್ತಿ ಹಿಡಿದರೆ ಲೆನ್ಸ್ ಹಿಂದಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆ ಕೋಶಗಳಿಗೆ ನುಸುಳಲು ದಾರಿ ಸಿಗುವುದಿಲ್ಲ. ಅಂಚು ಇಲ್ಲದಿದ್ದರೆ ಅವು ಹಿಂಬದಿಗೆ ಹರಿದಾಡಿ ಮತ್ತೆ ಮಸುಕು ತರುತ್ತವೆ. ಊರಲ್ಲಿ 'ಪೊರೆ ತಿರುಗಿ ಬಂತು' ಎನ್ನುತ್ತಾರಲ್ಲ, ಅದು ಇದು. ರಿಡ್ಲಿ ಕೆಲಸ ಮಾಡಿದ ಅದೇ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 4.5ರಿಂದ 5 ಮಿಲಿಮೀಟರ್, ಇನ್ನೊಂದಕ್ಕೆ 6ರಿಂದ 7 ಮಿಲಿಮೀಟರ್ ಬಾಯಿ ಮಾಡಿ ಒಂದು ವರ್ಷ ಹಿಂಬಾಲಿಸಿದರು. 1999ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ದೊಡ್ಡ ಬಾಯಿಯ ಗುಂಪಿನಲ್ಲೇ ಹಿಂಗೋಡೆಯ ಸುಕ್ಕು, ಮಸುಕು ಹೆಚ್ಚು.

ಹಾಗಾದರೆ ಚಿಕ್ಕದೇ ಒಳ್ಳೆಯದು ಎಂದುಕೊಂಡರೆ ನನ್ನ ಟೈಲರಿಗೆ ಆದದ್ದು ಆಗುತ್ತದೆ. ಅಂಚಿನ ಕೆಳಗೆ ಉಳಿದ ಕೋಶಗಳು ಲೆನ್ಸಿಗೆ ತಾಗಿದ ಕಡೆ ನಾರಾಗಿ ಮಾರ್ಪಡುತ್ತವೆ, ನಾರು ಒಣಗಿದಂತೆ ಬಿಗಿಯುತ್ತದೆ. ಹೊರಗಿನಿಂದ ಚೀಲವನ್ನು ಎಳೆದು ಹಿಡಿದಿರುವ ಸಣ್ಣ ತಂತುಗಳು ಗಟ್ಟಿಯಿದ್ದರೆ ಆ ಬಿಗಿತಕ್ಕೆ ತಡೆಯಿರುತ್ತದೆ. ತಂತು ಸಡಿಲವಿದ್ದರೆ ಚಂಚಿಯ ದಾರ ಎಳೆದಂತೆಯೇ. ಮೊದಲ ಮೂರರಿಂದ ಆರು ತಿಂಗಳಲ್ಲಿ ಇದು ಹೆಚ್ಚು. ಮುಪ್ಪಿನಲ್ಲಿ ಕೆಲವರ ಕಣ್ಣೊಳಗೆ ತಲೆಹೊಟ್ಟಿನಂಥ ಬಿಳಿ ಪುಡಿ ಸೇರುತ್ತದೆ. ಅಂಥವರಲ್ಲಿ, ಇರುಳುಗಣ್ಣಿನ ಆನುವಂಶಿಕ ಕಾಯಿಲೆ ಇದ್ದವರಲ್ಲಿ, ಕಣ್ಣಿನ ಒಳಗೆ ಹಿಂದೆ ಉರಿಯೂತ ಆಗಿದ್ದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಅಪಾಯ ಜಾಸ್ತಿ. ಚಿಕ್ಕ ಬಾಯಿಯಿಂದ ಅಕ್ಷಿಪಟಲವನ್ನು ಪೂರ್ತಿ ನೋಡುವುದೂ ಕಷ್ಟ. ಮಧುಮೇಹದ ರೋಗಿಗೆ ಮುಂದೆ ಅಲ್ಲಿ ಲೇಸರ್ ಬೇಕಾದರೆ ಕಿಟಕಿಯೇ ಅಡ್ಡ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. 5 ಆಗಬೇಕಿದ್ದದ್ದು 5.3 ಆಯಿತು, ಸ್ವಲ್ಪ ಓರೆ ಆಯಿತು ಎಂದರೆ ಕಣ್ಣಿಗೇನೂ ಆಗುವುದಿಲ್ಲ. ವಿಯೆನ್ನಾದ ವೈದ್ಯರು ಅಳೆದು ನೋಡಿದಾಗ, ಬಾಯಿ ತೀರ ಕೆಟ್ಟಿದ್ದರೆ ಬಿಟ್ಟರೆ, ಸಣ್ಣಪುಟ್ಟ ವ್ಯತ್ಯಾಸದಿಂದ ಲೆನ್ಸಿನ ನೆಲೆಯಲ್ಲಿ ಲೆಕ್ಕಕ್ಕೆ ಬರುವಂಥ ಬದಲಾವಣೆ ಕಾಣಲಿಲ್ಲ. ಕಂಪ್ಯೂಟರ್ ಚಾಲಿತ ಫೆಮ್ಟೊಸೆಕೆಂಡ್ ಲೇಸರ್ ಕೈವಾರದಿಂದ ಎಳೆದಂಥ ವೃತ್ತ ಕೊಡುತ್ತದೆ, ನಿಜ. ಆದರೆ 2020ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ಎರಡು ದೊಡ್ಡ ಪ್ರಯೋಗಗಳು ಪ್ರಕಟವಾದಾಗ, ರೋಗಿಯ ದೃಷ್ಟಿಯಲ್ಲಿ ಅದಕ್ಕೂ ಕೈಯಿಂದ ಮಾಡಿದ್ದಕ್ಕೂ ಹೇಳಿಕೊಳ್ಳುವ ಅಂತರ ಇರಲಿಲ್ಲ, ಖರ್ಚಿನಲ್ಲಿ ಇತ್ತು. ಊರಲ್ಲಿ ಹೊಲದ ಬೆಳೆ ಮಾರಿ ಲೇಸರ್ ಮಾಡಿಸಬೇಕೇ ಎಂದು ಕೇಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಕೈಯಿಂದ ಮಾಡುವುದು ಹೇಗೆ? ನಾವೆಲ್ಲ ಆಡಿನ ಕಣ್ಣಿನ ಮೇಲೆ ಕಲಿತವರು. ಕಟುಕರ ಅಂಗಡಿಯಿಂದ ಬೆಳಿಗ್ಗೆ ತಂದು, ಸಂಜೆಯವರೆಗೆ ಸೂಕ್ಷ್ಮದರ್ಶಕದ ಕೆಳಗೆ ಹರಿದದ್ದೇ ಹರಿದದ್ದು. ಇಂಜೆಕ್ಷನ್ ಸೂಜಿಯ ತುದಿ ಬಗ್ಗಿಸಿ ನಡುವೆ ಚುಚ್ಚಿ, ಒಂದು ಮೂಲೆ ಎತ್ತಿ, ಮಡಚಿ, ಆ ಮಡಿಕೆಯನ್ನು ಸುತ್ತ ಎಳೆದುಕೊಂಡು ಹೋಗುವುದು. ಕಣ್ಣಿಗೆ ಜೆಲ್ ತುಂಬಿ ಒಳಗಿನ ಒತ್ತಡ ಕಾಯಬೇಕು. ಅದು ಸೋರಿದರೆ ಹರಿತ ತಾನಾಗಿ ಅಂಚಿನ ಕಡೆಗೆ ಓಡುತ್ತದೆ. ನಮ್ಮ ಕಡೆಯವರು ಕಣ್ಣು ಪೂರ್ತಿ ಬೆಳ್ಳಗಾದ ಮೇಲೆ ಬರುವುದೇ ಹೆಚ್ಚು. ಬಿಳಿ ತಿರುಳಿನ ಮೇಲೆ ಪಾರದರ್ಶಕ ಚೀಲ ಕಾಣುವುದೇ ಇಲ್ಲ, ಅದಕ್ಕೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚುತ್ತೇವೆ. ಒಳಗೆ ನೀರು ತುಂಬಿ ಉಬ್ಬಿದ ಪೊರೆಯಾದರೆ, ಚುಚ್ಚಿದ ಕೂಡಲೇ ನೀಲಿ ಚೀಲ ಅಡ್ಡಲಾಗಿ ಸೀಳಿ ನಡುವೆ ಬಿಳಿ ಕಾಣುತ್ತದೆ. ಇದಕ್ಕೆ ಅರ್ಜೆಂಟೀನಾ ಬಾವುಟ ಎಂದು ಹೆಸರಿಟ್ಟಿದ್ದಾರೆ. ಫುಟ್‌ಬಾಲ್ ಮೈದಾನದಲ್ಲಿ ಎಷ್ಟು ಚಂದವೋ, ಕಣ್ಣೊಳಗೆ ಆ ಬಾವುಟ ಹಾರಿದರೆ ಅಷ್ಟೇ ಜೀವ ಬಾಯಿಗೆ ಬರುತ್ತದೆ.

ಶಿಬಿರದ ಪದ್ಧತಿಯ ಲೆಕ್ಕ ಬೇರೆ. ತಿರುಳನ್ನು ಯಂತ್ರದಿಂದ ಪುಡಿಮಾಡದೆ, ಇಡಿಯಾಗಿ ಸಣ್ಣ ಗಾಯದಿಂದ ಹೊರತೆಗೆಯುವ ಶಸ್ತ್ರಚಿಕಿತ್ಸೆ ಇದೆಯಲ್ಲ, ಅಲ್ಲಿ ಬಾಯಿ 6 ಮಿಲಿಮೀಟರ್ ಅಥವಾ ಇನ್ನೂ ಹೆಚ್ಚಿರಲೇಬೇಕು. ಕಲ್ಲಿನಂಥ ಕಂದು ತಿರುಳನ್ನು 5ರ ಬಾಯಿಂದ ಎಳೆದರೆ ಚೀಲ ಹಿಡಿದ ತಂತುಗಳೇ ಕಿತ್ತು ಬರುತ್ತವೆ. ಪುಣೆ ಮತ್ತು ನೇಪಾಳದಲ್ಲಿ ಎರಡೂ ವಿಧಾನ ಹೋಲಿಸಿ ನೋಡಿದಾಗ ದೃಷ್ಟಿಯ ಫಲಿತಾಂಶ ಹೆಚ್ಚುಕಡಿಮೆ ಸಮನಾಗಿತ್ತು. ಹಾಗಾಗಿ ಸರಿಯಾದ ಅಳತೆ ಎನ್ನುವುದು ತಿರುಳು ಎಷ್ಟು ಗಟ್ಟಿ, ಲೆನ್ಸ್ ಯಾವುದು, ತಂತು ಹೇಗಿದೆ ಎಂಬುದರ ಮೇಲೆ ನಿಂತಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಈ ನಗರದಲ್ಲೂ ಮಹಬೂಬ್‌ನಗರದಂಥ ಜಿಲ್ಲೆಗಳಲ್ಲೂ, ಅಂದರೆ ನಮ್ಮ ರಾಯಚೂರಿನ ಮಗ್ಗುಲಲ್ಲೇ, ಮನೆಮನೆಯವರ ಕಣ್ಣು ಪರೀಕ್ಷಿಸಿತ್ತು. ಆಪರೇಷನ್ ಆದ ಕಣ್ಣುಗಳಲ್ಲೂ ಕಡೆಗಣಿಸಲಾಗದಷ್ಟು ಪಾಲು ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ಅದರಲ್ಲಿ ಕಂಡ ಕಹಿ ಸಂಗತಿ. ಎಷ್ಟು ಕಣ್ಣು ಮಾಡಿದೆವು ಎಂದು ಎಣಿಸುವ ಅಭ್ಯಾಸ ನಮಗಿತ್ತು. ಎಷ್ಟು ಕಂಡಿತು ಎಂದು ಎಣಿಸಿದ್ದು ತಡವಾಗಿ.

ನಾನು ತಪ್ಪಿದ್ದೆಲ್ಲಿ ಎಂದು ಈಗ ಹೇಳಬಹುದು. ಕಾರ್ನಿಯಾ ಒಂದು ಭೂತಗನ್ನಡಿ. ಅದರ ಹಿಂದಿರುವ ವೃತ್ತ ಇರುವುದಕ್ಕಿಂತ ಶೇ 15ರಷ್ಟು ದೊಡ್ಡದಾಗಿ ಕಾಣುತ್ತದೆ. ಇದು ಪುಸ್ತಕದಲ್ಲಿದೆ, ಓದಿದ್ದೆ. ಎರಡನೆಯದು ಕಣ್ಕಟ್ಟು. ಪಾಪೆ ಅಗಲವಾಗಿ ತೆರೆದಿದ್ದರೆ ನಾವು ಮಾಡಿದ ಬಾಯಿ ಚಿಕ್ಕದೆನ್ನಿಸುತ್ತದೆ. ಪಾಪೆ ಚಿಕ್ಕದಿದ್ದರೆ ಅದೇ ಬಾಯಿ ದೊಡ್ಡದೆನ್ನಿಸುತ್ತದೆ. ಟೈಲರ್ ಕಣ್ಣಲ್ಲಿ ಆ ತಲೆಹೊಟ್ಟಿನ ಪುಡಿ ಇತ್ತು. ಅಂಥ ಕಣ್ಣಿನ ಪಾಪೆ ಎಷ್ಟು ಔಷಧಿ ಹಾಕಿದರೂ ಪೂರ್ತಿ ಅರಳುವುದಿಲ್ಲ. ಅವರದ್ದು 5 ಮಿಲಿಮೀಟರಿಗೆ ನಿಂತುಬಿಟ್ಟಿತ್ತು. ಅದರ ಅಂಚಿನ ಒಳಗೇ ಸುತ್ತಿಕೊಂಡು ಬಂದು, ಧಾರಾಳವಾಗಿದೆ ಎಂದುಕೊಂಡೆ. ಪಾಪೆಯನ್ನು ಕೊಕ್ಕೆ ಹಾಕಿ ಅಗಲಿಸಬಹುದಿತ್ತು, ಸಮಯ ಉಳಿಸಿದೆ. ಕೊನೆಗೆ ಅಳೆದಾಗ 4 ಎಂದು ಗೊತ್ತಾಯಿತು. ಆಗಲೇ ಇನ್ನೊಂದು ಸುತ್ತು ಹರಿದು ದೊಡ್ಡದು ಮಾಡಲು ಬರುತ್ತಿತ್ತು. ತಂತು ಸಡಿಲ ಇದ್ದಂತಿದೆ, ಕೆಣಕುವುದು ಬೇಡ ಎಂದು ಹೆದರಿ ಬಿಟ್ಟೆ. ಯಾವ ಕಣ್ಣಿಗೆ ದೊಡ್ಡ ಬಾಯಿ ಬೇಕಿತ್ತೋ ಆ ಕಣ್ಣಿಗೇ ಚಿಕ್ಕದು ಕೊಟ್ಟಿದ್ದೆ.

ಅವರಿಗೆ ಇದನ್ನೆಲ್ಲ ಹೇಳಿದೆ. ನನ್ನ ಹಿರಿಯರೊಬ್ಬರು, "ಚರ್ಮ ಗಂಟುಗಟ್ಟುವ ಹಾಗೆ ಕೆಲವರ ಗುಣ ಎಂದು ಹೇಳಿಬಿಡು" ಎಂದಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಎದುರು ಕೂತವರು ಐವತ್ತು ವರ್ಷ ಬಟ್ಟೆ ಕತ್ತರಿಸಿದವರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, ಬಾಯಿ ಚಿಕ್ಕದಾಯಿತು, ಅದು ನನ್ನ ಅಂದಾಜಿನ ತಪ್ಪು ಅಂದೆ. ಸುಮ್ಮನೆ ಚಿತ್ರ ನೋಡುತ್ತ ಕೂತರು. ಆಮೇಲೆ, "ಬಿಚ್ಚಾಕ ಬರ್ತತೇನ್ರಿ?" ಎಂದರು.

ಬರುತ್ತಿತ್ತು. ಯಾಗ್ ಲೇಸರಿನಿಂದ ಬಿಗಿದ ಅಂಚಿಗೆ ನಾಲ್ಕು ಕಡೆ ಸಣ್ಣ ಕಚ್ಚು ಹಾಕಿದೆ. ಕುರ್ಚಿಯ ಮೇಲೆ ಕೂತಂತೆಯೇ ಆಗುವ ಕೆಲಸ. ಹೊಲಿಗೆ ಇಲ್ಲ, ಪಟ್ಟಿ ಇಲ್ಲ. ಪ್ರತಿ ಕಚ್ಚಿಗೂ ಅಂಚು ಹಿಂದಕ್ಕೆ ಸರಿದು ಕಿಟಕಿ ಅಗಲವಾಯಿತು. ಇದನ್ನು ಬೇಗ ಮಾಡಿದರಷ್ಟೇ ಸಲೀಸು. ನಾರು ದಪ್ಪಗಾಗಿ, ಲೆನ್ಸನ್ನೇ ಒಂದು ಪಕ್ಕಕ್ಕೆ ಎಳೆದುಬಿಟ್ಟ ಮೇಲೆ ಬಂದರೆ ಮತ್ತೆ ಥಿಯೇಟರಿಗೇ ಹೋಗಬೇಕು. ಅದಕ್ಕಾಗಿಯೇ ಫೋನ್ ಮಾಡುವವರಿಗೆಲ್ಲ ನಾನು ಹೇಳುವುದು: ಆಪರೇಷನ್ ಆದ ತಿಂಗಳಿಗೆ ಕನ್ನಡಕ ಕೊಟ್ಟರು, ಮುಗಿಯಿತು ಅನ್ನಬೇಡಿ. ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಅಪ್ಪನನ್ನೋ ಅಮ್ಮನನ್ನೋ ಕರೆದೊಯ್ಯಲು ಯಾರಿಗಾದರೂ ಒಪ್ಪಿಸಿ. ಕಂಡಿದ್ದ ಕಣ್ಣು ಮತ್ತೆ ಮಸುಕಾದರೆ 'ವಯಸ್ಸಾಯ್ತು' ಎಂದು ಅವರು ಸುಮ್ಮನಾಗುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಆಪರೇಷನ್ನಿಗೆ ಮೊದಲು ಸಕ್ಕರೆ, ಹಳೆಯ ಕಣ್ಣುನೋವು ಏನಿದ್ದರೂ ಡಾಕ್ಟರಿಗೆ ಬಿಡಿಸಿ ಹೇಳಿಸಿ.

ಎರಡು ವರ್ಷ ಬಿಟ್ಟು ಅವರ ಬಲಗಣ್ಣು ಪಕ್ವವಾಯಿತು. ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದುಕೊಂಡಿದ್ದೆ, ಮಗನ ಜೊತೆ ನನ್ನಲ್ಲಿಗೇ ಬಂದರು. ಮಗನಿಗೆ ಲೆನ್ಸಿನ ಕಂಪನಿ, ರೇಟು ಎಲ್ಲ ಕೇಳುವ ಆತುರ. ಅವರು ಅವನನ್ನು ತಡೆದು ನನ್ನನ್ನು ಕೇಳಿದರು: "ಈ ಸಲ ಬಾಯಿ ಎಷ್ಟು ಇಡ್ತೀರಿ, ಡಾಕ್ಟ್ರ?"

"ಐದೂವರೆ ಇಡ್ತೀನ್ರಿ. ಪಾಪೆಗೆ ಕೊಕ್ಕೆ ಹಾಕಿ ಅಗಲ ಮಾಡ್ಕೊಂಡು."

"ಚೀಟಿ ಮ್ಯಾಲೆ ಬರೀರಿ ಮತ್ತ. ಅಳತಿ ಬರೀದ ನಾ ಯಾರ ಅಂಗೀನೂ ಹೊಲದಿಲ್ಲ."

ಬರೆದೆ. ಅಂದಿನಿಂದ ನನ್ನ ಡಿಸ್ಚಾರ್ಜ್ ಚೀಟಿಗಳಲ್ಲಿ ಲೆನ್ಸಿನ ನಂಬರಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಮೂರನೇ ತಿಂಗಳಿಗೆ ಅವರು ತಪ್ಪದೆ ಬಂದರು, ಅಳೆದೆ, 5.2 ಇತ್ತು. ಸಂಖ್ಯೆ ಕೇಳಿಕೊಂಡು ಜೇಬಿನಿಂದ ಅಂಗಡಿಯ ಸಣ್ಣ ನೋಟ್‌ಬುಕ್ ತೆಗೆದರು. ಯಾರದೋ ಕಾಲರು, ತೋಳು, ಎದೆ ಸುತ್ತಳತೆಯ ಕೆಳಗೆ ಅದನ್ನೂ ಗುರುತು ಹಾಕಿಕೊಂಡು, ಸಂಜೆಯ ರಾಯಚೂರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.